ಹೊರಗೆ ಕೂರದ ಸೊಸೆ

ಬೆಳಗಿನ ಕಾಫಿಗೂ ಮುಂಚೆ ನಮ್ಮ ಭದ್ರಾವತಿಯ ಮನೆಯಲ್ಲಿ ಕೇಳುತ್ತಿದ್ದುದು ಅತ್ತಿಗೆ ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯುವ ಸದ್ದು. ಸೌಭಾಗ್ಯಕ್ಕೆಂದು ಎಲ್ಲರೂ ಕೆನ್ನೆಗೆ ಹಚ್ಚಿದರೆ ಅವರು ಗಲ್ಲಕ್ಕೆ ತಿಕ್ಕುತ್ತಿದ್ದರು. ಅಲ್ಲಿ ಬೇಡದ ಕೂದಲು ಮೂಡುತ್ತಿತ್ತು. ಕತ್ತಿನ ಹಿಂದಿನ ಕಪ್ಪನ್ನು ಕಡಲೆಹಿಟ್ಟು ಹಾಕಿ ಚರ್ಮ ಉರಿಯುವಷ್ಟು ಉಜ್ಜುತ್ತಿದ್ದರು. ಮೈ ತುಂಬಿಕೊಂಡದ್ದನ್ನು ಮಾತ್ರ ನಾವೆಲ್ಲ ಗಂಡನ ಮನೆಯ ಅನ್ನದ ಮಹಿಮೆ ಎಂದೇ ಹೊಗಳಿದೆವು.

ಅತ್ತಿಗೆ ಹೊರಗಿನವರಲ್ಲ, ಸೋದರಮಾವನ ಮಗಳೇ. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಣ್ಣನನ್ನು ಮದುವೆಯಾಗಿ ಬಂದ ಮೇಲೆ ಅವರು ಮುಟ್ಟಾಗಿ ಹೊರಗೆ ಕೂತದ್ದೇ ಅಪರೂಪ. ಮೊದಮೊದಲು ಬಸಿರೆಂದು ಅಮ್ಮ ಹಿಗ್ಗಿದಳು. ಅಲ್ಲವೆಂದು ತಿಳಿದ ಮೇಲೆ ಅದನ್ನೇ ಹಿರಿಮೆ ಮಾಡಿಕೊಂಡಳು. ಉಳಿದ ಮನೆಗಳ ಹೆಂಗಸರು ತಿಂಗಳು ತಿಂಗಳು ಹಿತ್ತಲ ಮೂಲೆ ಸೇರುತ್ತಿದ್ದರೆ ನಮ್ಮ ಅಡಿಗೆಮನೆಯ ಒಲೆ ಅಡೆತಡೆಯಿಲ್ಲದೆ ಉರಿಯುತ್ತಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ವ್ರತವೋ ತಿಥಿಯೋ ಇರಲಿ, ಮಡಿ ಅಡಿಗೆಗೆ ಮೊದಲ ಕರೆ ಅತ್ತಿಗೆಗೆ. ಯಾವಾಗ ಕರೆದರೂ ಸಿಗುವ ಸೊಸೆ ಯಾರಿಗೆ ಬೇಡ, ನೀವೇ ಹೇಳಿ. ಮಗು ಮಾತ್ರ ಆಗಲಿಲ್ಲ. ಅಷ್ಟು ಹೊಗಳಿದ ಅಮ್ಮನೇ ಅಣ್ಣನಿಗೆ ಹೊಳೆಹೊನ್ನೂರಿನಲ್ಲಿ ಎರಡನೆಯ ಹೆಣ್ಣು ನೋಡಿದಳು.

ಕೊನೆಗೊಮ್ಮೆ ತೋರಿಸಿ ನೋಡೋಣವೆಂದು ಅಣ್ಣ ಹಟ ಹಿಡಿದದ್ದರಿಂದ ನಾವು ಮೂವರು ಹೆಂಗಸರು ರೈಲು ಹತ್ತಿ ಶಿವಮೊಗ್ಗದ ಲೇಡಿ ಡಾಕ್ಟರ ಬಳಿ ಹೋದೆವು.

"ತಿಂಗಳುಗಟ್ಟಲೆ ಹೊರಗೇ ಕೂರಲ್ಲ ಡಾಕ್ಟ್ರಮ್ಮ, ಅಷ್ಟು ಮಡಿ ನಮ್ಮ ಸೊಸೆ" ಎಂದಳು ಅಮ್ಮ, ಅಲ್ಲೂ ಹೆಮ್ಮೆ ಬಿಡದೆ.

ಡಾಕ್ಟರು ಅತ್ತಿಗೆಯ ಗಲ್ಲ ಮುಟ್ಟಿ, ಸೆರಗು ಸರಿಸಿ ಕತ್ತು ನೋಡಿದರು. "ಇದು ಮಡಿ ಅಲ್ಲಮ್ಮ, ಕಾಯಿಲೆ. ಮುಟ್ಟು ತಪ್ಪೋದು, ಈ ಕೂದಲು, ಈ ಕಪ್ಪು, ಮೈ ಬರೋದು, ಎಲ್ಲಾ ಒಟ್ಟಿಗೆ ನೋಡಿದ್ರೆ ಅಂಡಾಶಯದ ತೊಂದರೆ ಅನ್ಸುತ್ತೆ. ಮೊದಲೇ ಕರ್ಕೊಂಡು ಬರಬೇಕಿತ್ತು. ಈಗಲೂ ಬಂಜೆ ಅಂತ ಯಾರೂ ಅನ್ನಬೇಡಿ, ಔಷಧ ಮಾಡಿ ನೋಡೋಣ. ನಿಮ್ಮ ಕಡೆ ಬೇರೆ ಯಾರಿಗಾದ್ರೂ ಹೀಗಿತ್ತಾ?"

ವರ್ಷಗಟ್ಟಲೆ ಕಣ್ಣೆದುರಿಗೇ ಇದ್ದ ರೋಗವನ್ನು ಇಡೀ ಬೀದಿ ಸೇರಿ ಹಬ್ಬದಡಿಗೆಗೆ ಬಳಸಿಕೊಂಡಿತ್ತು.

ಅಮ್ಮ ಅತ್ತಿಗೆಯ ಗಲ್ಲವನ್ನೇ ನೋಡಿದಳು. "ನನ್ನ ತಂಗಿ ಸೀತೂಗೂ ಹಿಂಗೇ ಇತ್ತು" ಎಂದಳು. ಬಂಜೆಯೆಂದು ಗಂಡ ಬಿಟ್ಟು ಬೇರೆ ಮದುವೆಯಾದ ಮೇಲೆ, ತವರಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮುದುಕಿಯಾದ ಚಿಕ್ಕಮ್ಮ ಆಕೆ.

ಹಿಂತಿರುಗುವಾಗ ರೈಲಿನಲ್ಲಿ ಅಮ್ಮ ಅತ್ತಿಗೆಯ ಕೈ ಬಿಡಲೇ ಇಲ್ಲ. ಮರುದಿನ ಯಾರಿಗೂ ಹೇಳದೆ ಒಬ್ಬಳೇ ಹೊಳೆಹೊನ್ನೂರಿಗೆ ಹೋಗಿ, ಹೆಣ್ಣಿನ ಕಡೆಯವರಿಗೆ, "ನಮ್ಮ ಮನೇಲಿ ಸೊಸೆ ಇದ್ದಾಳೆ" ಎಂದಷ್ಟೇ ಹೇಳಿ ಬಂದಳು.