ಒಳಚುನಾವಣೆಯ ಭಾನುವಾರ ಬರುವ ನೆಗಡಿ

ನೆಗಡಿಗೆ ಇಂಥದೇ ಕಾಲವೆಂದಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದೇ ಭಾಷೆಯನ್ನಾಡುವ ಅಷ್ಟೊಂದು ಸದ್ಗೃಹಸ್ಥರಿಗೆ, ನಾಗಪುರದ ಬೇರೆ ಬೇರೆ ಮೂಲೆಗಳಲ್ಲಿ, ಒಂದೇ ಭಾನುವಾರ ಬೆಳಿಗ್ಗೆ ಏಕಕಾಲಕ್ಕೆ ನೆಗಡಿಯಾಗುವುದನ್ನು ಯಾವ ವೈದ್ಯಶಾಸ್ತ್ರ ತಾನೆ ವಿವರಿಸೀತು ಹೇಳಿ. ಧರಂಪೇಠದವರಿಗೆ ಸೀನು, ಪ್ರತಾಪನಗರದವರಿಗೆ ಗಂಟಲುಕೆರೆತ, ಕಾಮಠಿಯ ಕ್ವಾರ್ಟರ್ಸಿನವರಿಗೆ ಮೈಕೈನೋವು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರೂ ಗುಣಮುಖರು. ಇದು ನಮ್ಮ ಕನ್ನಡ ಸಂಘದ ಒಳಚುನಾವಣೆಯ ದಿನ ಮಾತ್ರ ಕಾಣಿಸಿಕೊಳ್ಳುವ ವ್ಯಾಧಿ. ಅದರ ನಿದಾನವನ್ನು ಕಂಡುಹಿಡಿಯಲು ನನಗೆ ನಿವೃತ್ತಿಯ ವಿರಾಮವೂ, ಹೆಂಡತಿಯ ಸೋಲೂ ಬೇಕಾದವು.

ಮತದಾನದ ಪ್ರಮಾಣ ಎಂಬ ವಿಷಯದಲ್ಲಿ ನಾನು ಸ್ವಘೋಷಿತ ಪಂಡಿತ. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಸರ್ಕಾರ ನನ್ನನ್ನು ಹಿಡಿದು ಮತಗಟ್ಟೆಯಲ್ಲಿ ಕೂರಿಸುತ್ತಿತ್ತು. ನಾನೂ ಜನರ ಎಡಗೈ ತೋರುಬೆರಳಿಗೆ ಶಾಯಿ ಬಳಿಯುತ್ತಾ, ಈ ಸಲ ಯಾಕೆ ಬಂದರು, ಹೋದ ಸಲ ಯಾಕೆ ಬರಲಿಲ್ಲ ಎಂದು ತತ್ತ್ವಚಿಂತನೆ ಮಾಡುತ್ತಿದ್ದೆ. ಲೋಕಸಭೆಯ ಚುನಾವಣೆ ಬಿಸಿಲುಗಾಲದಲ್ಲಿ ಬಂದರೆ ನಮ್ಮೂರಿನ ಪ್ರಜಾಪ್ರಭುತ್ವ ಹನ್ನೊಂದು ಗಂಟೆಗೆ ಕೂಲರಿನ ಮುಂದೆ ಮಲಗಿ ಸಂಜೆಗೆ ಏಳುತ್ತದೆ. ಶನಿವಾರವೋ ಸೋಮವಾರವೋ ಬಂದರೆ ರಜೆಗೆ ರಜೆ ಕೂಡಿಸಿಕೊಂಡು ಪೇಂಚದ ಕಾಡಿಗೆ ಹುಲಿ ನೋಡಲು ಹೊರಟುಬಿಡುತ್ತದೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿದ್ದರೆ ಬೀದಿಯಂಗಡಿಯ ಅವಲಕ್ಕಿ ಪೋಹೆ ತಿನ್ನಲು ಮನೆಯಿಂದ ಹೊರಬಿದ್ದವರು ಪೋಹೆ ತಿಂದು ಮನೆಗೇ ವಾಪಸಾಗುತ್ತಾರೆ. ಇಷ್ಟು ಜ್ಞಾನವನ್ನು ನಾನು ಯಾರು ಕೇಳಿದರೂ, ಕೇಳದಿದ್ದರೂ ಹಂಚುತ್ತಿದ್ದೆ.

ನನ್ನ ಪಾಂಡಿತ್ಯದ ಮೂಲಸಿದ್ಧಾಂತ ಮಾತ್ರ ಮೌದಾದಲ್ಲಿ ಹುಟ್ಟಿತು. ಅಲ್ಲಿಯ ಶಾಖೆಯಲ್ಲಿದ್ದಾಗ ಸುತ್ತಲ ಹಳ್ಳಿಗಳ ಗ್ರಾಮಪಂಚಾಯ್ತಿ ಚುನಾವಣೆಯ ದಿನ ನೋಡಬೇಕಿತ್ತು: ನಡೆಯಲಾರದ ಮುದುಕರನ್ನು ಬೈಕಿನ ನಡುವೆ ಕೂರಿಸಿಕೊಂಡು ತರುವುದೇನು, ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಣಂತಿಯರು ಸಾಲಿನಲ್ಲಿ ನಿಲ್ಲುವುದೇನು! ದಿಲ್ಲಿಗೆ ಯಾರು ಹೋದರೂ ಅಷ್ಟೇ ಎನ್ನುತ್ತಿದ್ದ ಜನ, ಬೀದಿಯ ನಲ್ಲಿಗೆ ಯಾರು ಯಜಮಾನರಾಗಬೇಕೆಂಬ ಪ್ರಶ್ನೆ ಬಂದಾಗ ಮನೆಯಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಹಾಗಾಗಿ, ಅಭ್ಯರ್ಥಿ ಹತ್ತಿರದವನಾದಷ್ಟೂ ಮತದಾರ ಉತ್ಸಾಹಿಯಾಗುತ್ತಾನೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನವನ್ನು ಮಣ್ಣುಪಾಲು ಮಾಡಿದವರು ನನ್ನವರೇ ಆದ ಮೈಸೂರು ಕಡೆಯವರು.

ಸಂಘದ ಪದ್ಧತಿಯನ್ನು ನಿಮಗೆ ಹೇಳಬೇಕು. ಅಧ್ಯಕ್ಷಸ್ಥಾನ ಒಂದು ಅವಧಿಗೆ ಧಾರವಾಡ ಕಡೆಯವರದು, ಮುಂದಿನ ಅವಧಿಗೆ ಮೈಸೂರು ಕಡೆಯವರದು. ಯಾರ ಸರದಿಯೋ ಅವರು ತಮ್ಮೊಳಗೇ ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಒಬ್ಬರನ್ನು ಆರಿಸುತ್ತಾರೆ. ಆಮೇಲಿನ ಮಹಾಸಭೆಯಲ್ಲಿ ಅವರೇ ಅವಿರೋಧವಾಗಿ ಆಯ್ಕೆಯಾಗಿ, ಚಪ್ಪಾಳೆಯಾಗಿ, ಊಟವಾಗುತ್ತದೆ. ಆದ್ದರಿಂದ ನಿಜವಾದ ಚುನಾವಣೆಯೆಂದರೆ ಆ ಒಳಚುನಾವಣೆಯೇ. ಮಹಾಸಭೆಯ ಚಪ್ಪಾಳೆಗೆ ಜನವೋ ಜನ. ಧಾರವಾಡದವರ ಒಳಚುನಾವಣೆಗೂ ಅಷ್ಟೇ ಜನ. ನಮ್ಮದಕ್ಕೆ ಮಾತ್ರ ನೆಗಡಿ.

ಮತ ಹಾಕುವ ಕ್ರಮವೂ ಹಿರಿಯರು ಮಾಡಿಟ್ಟದ್ದೇ. ಚೀಟಿಯಲ್ಲಿ ಬರೆದರೆ ಕೈಬರಹದ ಗುರುತು ಸಿಗುತ್ತದೆ, ಮನಸ್ತಾಪವಾಗುತ್ತದೆ ಎಂದು ಆ ಸೂಕ್ಷ್ಮಮತಿಗಳು ಒಂದು ಉಪಾಯ ಹೂಡಿದ್ದರು. ಕಾಫಿ ಕುಡಿದಾದ ಮೇಲೆ ಒಬ್ಬೊಬ್ಬರಾಗಿ ಅಡುಗೆಮನೆಗೆ ಹೋಗಿ, ಅಲ್ಲಿಟ್ಟಿರುವ ಎರಡು ತಟ್ಟೆಗಳಲ್ಲಿ ತಮಗೆ ಬೇಕಾದವರ ತಟ್ಟೆಯಲ್ಲಿ ಖಾಲಿ ಲೋಟ ಇಟ್ಟು ಬರುವುದು. ಗುರುತು ತಪ್ಪದಿರಲೆಂದು ಒಂದು ತಟ್ಟೆ ಹಿತ್ತಾಳೆಯದು, ಇನ್ನೊಂದು ಸ್ಟೀಲಿನದು. ಪರಮ ಗೋಪ್ಯ! ಆದರೆ ಹಿತ್ತಾಳೆಯ ಮೇಲೆ ಲೋಟ ಇಟ್ಟರೆ ಒಂದು ನಾದ, ಸ್ಟೀಲಿನ ಮೇಲೆ ಇಟ್ಟರೆ ಇನ್ನೊಂದು ನಾದ. ಹೊರಗೆ ಕೂತ ನಾವೋ ಸಂಗೀತ ಕಚೇರಿಗಳಲ್ಲಿ ಕಿವಿ ಹದಮಾಡಿಕೊಂಡ ಜನ. ಯಾರ ಲೋಟ ಎಲ್ಲಿ ಕೂತಿತೆಂದು ಹಜಾರದಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯುತ್ತಿತ್ತು. ತಿಳಿಯಲಿಲ್ಲವೆಂಬ ಮುಖಭಾವವನ್ನೂ ಪ್ರತಿಯೊಬ್ಬರೂ ಧರಿಸುತ್ತಿದ್ದರು.

ಧಾರವಾಡದವರಿಗೆ ಈ ತಾಪತ್ರಯವಿಲ್ಲ. ಅವರು ತಟ್ಟೆಗಳನ್ನು ಹಜಾರದ ನಡುವೆಯೇ ಇಟ್ಟುಕೊಂಡು, ಲೋಟ ಇಡುವಾಗ ಕಾರಣವನ್ನೂ ಕೂಗಿ ಹೇಳಿ, ಜಗಳವಾಡಿ, ಕೊನೆಗೆ ಒಂದೇ ಅಗಲ ತಟ್ಟೆಯ ಪರಾತದಲ್ಲಿ ಗಿರ್‍ಮಿಟ್ಟು ತಿನ್ನುತ್ತಾರೆ. ಅವರ ಪೈಕಿಯ ಹಳ್ಳೂರ ಮಾಸ್ತರು, ನನ್ನ ಮುಂಜಾವಿನ ವಾಕಿಂಗಿನ ಜೊತೆಗಾರರು, ಒಮ್ಮೆ ನನ್ನ ಸಿದ್ಧಾಂತಗಳನ್ನೆಲ್ಲ ಕೇಳಿ ನಕ್ಕುಬಿಟ್ಟರು. "ರಾಯರ, ಬಿಸಲೂ ಅಲ್ಲ, ರಜಾನೂ ಅಲ್ಲ. ನಿಮ್ಮ ಮಂದಿಗೆ ಮಾರಿ ಮ್ಯಾಲೆ 'ಒಲ್ಲೆ' ಅನ್ನಾಕ ಬರೂದಿಲ್ಲ. ಅದಕ್ಕ ಮನ್ಯಾಗ ಹೊದ್ಕೊಂಡು ಮಕ್ಕೊಂತಾರ. ಬರೋಬರ್ ಐತಿಲ್ಲೋ?" ನಾನು ಆಗ ಮೂಗು ಮುರಿದೆ.

ಈ ಸಲದ ಸರದಿ ನಮ್ಮದು. ನಿಂತವರಿಬ್ಬರಲ್ಲಿ ಒಬ್ಬರು ವಾಯುಸೇನೆಯಿಂದ ನಿವೃತ್ತರಾದ ಶ್ರೀಕಂಠಯ್ಯನವರು. ಇನ್ನೊಬ್ಬಳು ನನ್ನ ಧರ್ಮಪತ್ನಿ ವಸುಧಾ. ಸಂಘದ ಹಳೆಯ ಸಭಾಂಗಣದಲ್ಲಿ ಪ್ರತಿ ಭಾನುವಾರ ಅವಳು ಮಕ್ಕಳಿಗೆ ಕನ್ನಡ ಓದುಬರಹ ಕಲಿಸುತ್ತಾಳೆ. ಅಮ್ಮನ ಜೊತೆ ಕನ್ನಡ, ಗೆಳೆಯರ ಜೊತೆ ಮರಾಠಿ, ಸಿಟ್ಟು ಬಂದರೆ ಹಿಂದಿ ಆಡುವ ಮಕ್ಕಳು; ಕನ್ನಡದ ಅಕ್ಷರ ಕಂಡರೆ ಜಿಲೇಬಿ ಕಂಡಂತೆ ನಗುತ್ತಾ ಬಂದವರು ಅವಳ ಕೈಯಲ್ಲಿ ಅಜ್ಜಿಗೆ ಕನ್ನಡದಲ್ಲೇ ಮೆಸೇಜು ಬರೆಯುವಷ್ಟಾಗಿದ್ದರು. ಶ್ರೀಕಂಠಯ್ಯನವರ ವಾದವೂ ಸುಳ್ಳಲ್ಲ: ಸಭಾಂಗಣದ ಸೂರು ಸೋರುತ್ತಿತ್ತು, ಭಾನುವಾರಗಳಂದು ಅದನ್ನು ಒಂದು ಕೋಚಿಂಗ್ ಕ್ಲಾಸಿಗೆ ಬಾಡಿಗೆಗೆ ಕೊಟ್ಟರೆ ರಿಪೇರಿಯಾಗುತ್ತಿತ್ತು. ಅವರು ಗೆದ್ದರೆ ಸೂರು ಉಳಿಯುತ್ತದೆ, ಕ್ಲಾಸು ಹೋಗುತ್ತದೆ. ಎಂದೂ ಯಾವ ಪದವಿಯನ್ನೂ ಬಯಸದ ನನ್ನ ಹೆಂಡತಿ ನಿಂತದ್ದು ಅದೊಂದಕ್ಕಾಗಿ.

ಫೋನಿನಲ್ಲಿ ಎಲ್ಲರೂ "ನಿಮಗಲ್ಲದೆ ಇನ್ನಾರಿಗೆ ವಸುಧಾ, ಬಂದೇ ಬರ್ತೀವಿ" ಎಂದಿದ್ದರು. ನನ್ನ ಲೆಕ್ಕಾಚಾರದಂತೆ ಅಂದು ಜನಸಾಗರ ಸೇರಬೇಕಿತ್ತು: ಹವೆ ತಂಪು, ಪೈಪೋಟಿ ಬಿಗಿ, ಅಭ್ಯರ್ಥಿಗಳು ಎಲ್ಲರಿಗೂ ಬೇಕಾದವರು. ಆತಿಥ್ಯ ವಹಿಸಿದ್ದ ಪ್ರಭಾವತಿಯವರು ಮದುವೆಮನೆಯ ಪಾತ್ರೆಯಲ್ಲಿ ಕಾಫಿ ಮಾಡಿಟ್ಟಿದ್ದರು. ಬಂದವರಿಗೆ ಅವರ ಸೋಫಾ ಮತ್ತು ದಿವಾನ ಸಾಕಾಗಿ ಮಿಕ್ಕಿತು. ಉಳಿದವರ ನೆಗಡಿಯ ವಾರ್ತೆಗಳು ಒಂದಾದಮೇಲೊಂದರಂತೆ ಫೋನಿಗೆ ಬರುತ್ತಿದ್ದವು. ಬಂದವರೇ ಎರಡೆರಡು ಸಲ ಕಾಫಿ ಕುಡಿದು, ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಕ್ಯಾಲೆಂಡರನ್ನು ಅಭ್ಯಾಸ ಮಾಡಿದರು.

ಹಿತ್ತಾಳೆ ಶ್ರೀಕಂಠಯ್ಯನವರದು, ಸ್ಟೀಲು ವಸುಧಾಳದು. ನಾನು ನನ್ನ ಲೋಟವನ್ನು ಸ್ಟೀಲಿನ ಮೇಲೆ ಇಟ್ಟ ರಭಸಕ್ಕೆ ಹೊರಗೆ ಯಾರೋ ಕೆಮ್ಮಿ ನಗು ನುಂಗಿಕೊಂಡರು. ಶ್ರೀಕಂಠಯ್ಯನವರು ಕವಾಯತಿನ ಹೆಜ್ಜೆಯಲ್ಲಿ ಒಳಹೋಗಿ ತಮ್ಮ ತಟ್ಟೆಗೇ ತಮ್ಮ ಲೋಟ ಇಟ್ಟು, ಅದನ್ನು ಮುಚ್ಚಿಡದೆ ಬಂದು ಹೇಳಿದರು. ಕೊನೆಗೆ ವಸುಧಾ ಹೋದಳು. ಹಿತ್ತಾಳೆ ನುಡಿಯಿತು. ಕೈತಪ್ಪಿ ತಗಲಿರಬೇಕೆಂದು ನನ್ನ ಕಿವಿಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಭಾವತಿಯವರು ಎರಡೂ ತಟ್ಟೆಗಳನ್ನು ಹೊರಗೆ ತಂದಿಟ್ಟಾಗ ಹಿತ್ತಾಳೆಯಲ್ಲಿ ಒಂದೇ ಒಂದು ಲೋಟ ಹೆಚ್ಚಿತ್ತು.

ಸ್ಕೂಟರಿನ ಮೇಲೆ ಅರ್ಧ ದಾರಿ ಬಂದಿದ್ದೆವು. ತಡೆಯಲಾರದೆ ಕೇಳಿಯೇಬಿಟ್ಟೆ: "ನಿನ್ನ ಲೋಟ ಎಲ್ಲಿಟ್ಟೆಯೇ?"

"ಅವರ ತಟ್ಟೇಲಿ. ಮತ್ತೆ? ನನಗೆ ನಾನೇ ಹಾಕ್ಕೊಳ್ಳೋದಾ? ನೋಡಿದೋರು ಏನಂದ್ಕೋತಾರೆ!"

ನನಗೆ ಬಂದ ಸಿಟ್ಟಿಗೆ ಸ್ಕೂಟರು ತಾನಾಗಿಯೇ ನಿಂತಿತು. ನಿನ್ನ ಲೋಟ ನಿನ್ನಲ್ಲೇ ಇದ್ದಿದ್ದರೆ ಒಂದು ಲೋಟದಿಂದ ಗೆಲ್ಲುತ್ತಿದ್ದೆಯಲ್ಲೇ ಮಹಾತಾಯಿ ಎಂದು ಹೇಳಲು ಹಿಂದಕ್ಕೆ ತಿರುಗಿದರೆ, ಅವಳು ಸೆರಗಿನಲ್ಲಿ ಮುಖ ಒತ್ತಿಕೊಂಡು ಅಳುತ್ತಿದ್ದಳು. "ಕ್ಲಾಸು ಹೋಯ್ತಲ್ರೀ" ಎಂದಳು. ಆ ಅಳುವಿನ ಮುಂದೆ ನನ್ನ ಗಣಿತವೆಲ್ಲ ನಾಲಿಗೆಯಲ್ಲೇ ಉಳಿಯಿತು. ಸ್ಕೂಟರನ್ನು ಮತ್ತೆ ಚಾಲೂ ಮಾಡಿದೆ.

ಸಂಜೆ ಫೋನುಗಳು ಶುರುವಾದವು, ನೆಗಡಿ ವಾಸಿಯಾದ ಸ್ವಚ್ಛ ಕಂಠಗಳಲ್ಲಿ. ಎಲ್ಲರದೂ ಒಂದೇ ಅಳಲು: ನಿಮಗೆ ಹಾಕಿದರೆ ಶ್ರೀಕಂಠಯ್ಯನವರಿಗೆ ಬೇಜಾರಾಗುತ್ತದೆ, ಅವರಿಗೆ ಹಾಕಿದರೆ ನಿಮ್ಮ ಮುಖ ಹೇಗೆ ನೋಡುವುದು, ಅದಕ್ಕೇ ಬರಲಿಲ್ಲ. ಕೇಳುತ್ತಾ ಕೇಳುತ್ತಾ ನನ್ನ ಮೌದಾ ಸಿದ್ಧಾಂತ ಕುಸಿದುಬಿತ್ತು. ದಿಲ್ಲಿಗೆ ಹೋಗುವವನ ವಿರುದ್ಧ ಗುಂಡಿ ಒತ್ತಲು ನಮಗೆ ಎಂಟೆದೆ, ಏಕೆಂದರೆ ಅವನು ನಮ್ಮ ಮನೆಗೆ ಎಂದೂ ಚಿತ್ರಾನ್ನ ಕಳಿಸಿಲ್ಲ. ಮೌದಾದ ಹಳ್ಳಿಯವರು ಹಗೆಯನ್ನೂ ಹಗಲಲ್ಲೇ ಮಾಡುತ್ತಾರೆ, ಆದ್ದರಿಂದ ಸಾಲುಗಟ್ಟುತ್ತಾರೆ. ಇಬ್ಬರನ್ನೂ ಪ್ರೀತಿಸಿ, ಇಬ್ಬರಿಗೂ ಹೆದರುವ ನಮ್ಮಂಥ ದಕ್ಷಿಣದವರು ದಾಕ್ಷಿಣ್ಯಕ್ಕೆ ಸಿಕ್ಕಿ ಮನೆಯಲ್ಲೇ ಉಳಿಯುತ್ತೇವೆ. ಸಂಕೋಚವನ್ನು ನಾವು ಸೌಜನ್ಯವೆಂದು ಕರೆದುಕೊಂಡಿದ್ದೇವೆ, ಅಷ್ಟೇ. ಮಾಸ್ತರು ಹೇಳಿದ್ದು ಬರೋಬರ್ ಇತ್ತು.

ಕೊನೆಯ ಕ್ಲಾಸಿನ ದಿನ ಸಭಾಂಗಣ ಕಿಕ್ಕಿರಿಯಿತು. ಬೀಳ್ಕೊಡುಗೆಯೆಂದರೆ ಯಾರ ಮನಸ್ಸೂ ನೋಯುವುದಿಲ್ಲವಲ್ಲ. ಒಳಚುನಾವಣೆಗೆ ಬಾರದವರೆಲ್ಲ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ, ಶಾಲು, ಹೂವು ಹಿಡಿದು ಸಕುಟುಂಬ ಬಂದಿದ್ದರು. ಶ್ರೀಕಂಠಯ್ಯನವರೂ ಮುಂದಿನ ಸಾಲಿನಲ್ಲಿ ಮ್ಲಾನವದನರಾಗಿ ಕೂತಿದ್ದರು. ಭಾಷಣಗಳಾದವು. ಶಾಲು ಹೊದಿಸಿದರು. ವಸುಧಾ ಎರಡು ಮಾತಾಡಲೆಂದು ಎದ್ದವಳು, ಆ ಜನಸ್ತೋಮವನ್ನು ಒಂದೊಂದೇ ಮುಖವಾಗಿ ನೋಡಿದಳು. ಕಣ್ಣೀರು ಬರುತ್ತದೆಂದು ನಾನು ಕರವಸ್ತ್ರ ತೆಗೆದಿಟ್ಟುಕೊಂಡೆ.

"ಶ್ರೀಕಂಠಯ್ಯನೋರೇ, ಸೂರಿನ ಕೆಲಸ ಆಗ್ಲಿ, ಆಗ್ಲೇಬೇಕು. ಮುಂದಿನ ಭಾನುವಾರ ಮಕ್ಕಳನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ?"

ಶ್ರೀಕಂಠಯ್ಯನವರು ಅತ್ತಿತ್ತ ನೋಡಿದರು. ಇಡೀ ಸಂಘ ಅವರನ್ನು ನೋಡುತ್ತಿತ್ತು. "ಅಯ್ಯೋ, ಬನ್ನಿ ವಸುಧಮ್ಮ, ಬನ್ನಿ. ಹಿಂಗೆ ಎದುರಿಗೆ ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗುತ್ತಾ!" ಎಂದರು. ಅವರ ಮುಖ ನಿಜವಾಗಿಯೂ ಅರಳಿತ್ತು.

"ಅದರ ಮುಂದಿನ ಭಾನುವಾರ ಪ್ರಭಾವತಿಯೋರ ಮನೇಲಿ. ಆಮೇಲೆ?" ಎನ್ನುತ್ತಾ ಅವಳ ದೃಷ್ಟಿ ಸಾಲುಸಾಲಾಗಿ ಸರಿಯಿತು. ಅದು ಯಾರ ಮೇಲೆ ನಿಂತಿತೋ ಅವರೆಲ್ಲ "ನಮ್ಮನೆ" ಎಂದರು. ಎದುರಿಗೆ ಒಲ್ಲೆ ಎನ್ನಲಾಗದ ಅದೇ ಜನ, ಅದೇ ಕಾರಣಕ್ಕೆ. ಹಿಂದೆ ಕೂತಿದ್ದ ಹಳ್ಳೂರ ಮಾಸ್ತರು "ಶಾಬ್ಬಾಸ್ ತಂಗಿ! ಧಾರವಾಡದ ಮಂದಿ ಮನಿಗೂ ಬರ್ರಿ" ಎಂದು ಕೂಗಿದರು. ಮಕ್ಕಳಿಗೆ ಮನೆಮನೆಯ ತಿಂಡಿಯ ಆಸೆ ಹುಟ್ಟಿ ಗಲಾಟೆಯೆದ್ದಿತು.

ಮನೆಗೆ ಬರುವಾಗ ಮತ್ತೆ ಅದೇ ಸ್ಕೂಟರು. ಶಾಲನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದವಳನ್ನು, ಇದನ್ನು ಮೊದಲೇ ಯೋಚಿಸಿಟ್ಟಿದ್ದೆಯಾ ಎಂದು ಕೇಳಿದೆ. ಇಲ್ಲ, ಅಷ್ಟು ಜನರ ಮುಖ ನೋಡಿದ ಮೇಲೆ ಬಾಯಿಗೆ ಬಂತು ಎಂದಳು. ಸಿಗ್ನಲ್ಲಿನಲ್ಲಿ ನಿಂತಾಗ, ನಾನೇನೂ ಕೇಳದಿದ್ದರೂ, ನನ್ನ ಭುಜ ತಟ್ಟಿದಳು.

"ರೀ, ನಮ್ಮ ಸರದಿ ಮತ್ತೆ ಬರುತ್ತಲ್ಲ, ಆಗ್ಲೂ ನಿಲ್ತೀನಿ. ನನ್ನ ಲೋಟ ನನ್ನ ತಟ್ಟೆಗೇ. ಯಾರಿಗೆ ಕೇಳಿಸಿದ್ರೂ ಸರಿ."