ಬಾಣಂತಿಯ ನೀರು ಮತ್ತು ನಾನು ಕೊಟ್ಟ ತೀರ್ಪು

೧೯೭೬ರಲ್ಲಿ ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಓದಿದ್ದೆಲ್ಲ ತಲೆಯಲ್ಲಿ ಬಿಸಿಬಿಸಿಯಾಗಿತ್ತು, ನಾಲಿಗೆಗೆ ಲಗಾಮಿರಲಿಲ್ಲ. ಗದರಿದರೆ ಜನ ತಿದ್ದಿಕೊಳ್ಳುತ್ತಾರೆ ಎಂದು ನಂಬಿದ್ದ ಕಾಲ.

ಆ ಬೇಸಿಗೆಯಲ್ಲಿ ಬಿ.ದುರ್ಗದ ಕಡೆಯ ಕುರಿಗಾಹಿ ಮನೆಯ ತಿಮ್ಮಕ್ಕ ತನ್ನ ದೊಡ್ಡ ಮಗಳು ಕರಿಯಮ್ಮನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ಹತ್ತೊಂಬತ್ತರ ಹುಡುಗಿ, ಚೊಚ್ಚಲ ಹೆರಿಗೆಯಾಗಿ ಹನ್ನೊಂದು ದಿನ. ಎರಡು ದಿನದಿಂದ ವಿಪರೀತ ತಲೆನೋವು, ಬೆಳಿಗ್ಗೆ ಫಿಟ್ಸ್, ಈಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮೆದುಳಿನಿಂದ ರಕ್ತ ಹಿಂದಕ್ಕೆ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಊಹಿಸಿದೆ. ಬಾಣಂತಿಯರಲ್ಲಿ ಹಾಗಾಗುತ್ತದೆಂದು ಓದಿದ್ದೆ.

“ನೀರು ಎಷ್ಟು ಕೊಟ್ಟಿದೀಯ?”

“ಒಂದೊಂದು ಗುಟುಕು ಸಾರ್. ಬಾಣಂತಿ ನೀರು ಕುಡಿದ್ರೆ ಮೈ ಊದ್ಕಂತೈತೆ, ಕೂಸಿಗೆ ಸೀತ ಆಗ್ತೈತೆ ಅಂತ ನಮ್ಮ ಕಡೆ ಕೊಡಲ್ಲ.”

ಸುತ್ತ ಜನ ತುಂಬಿದ್ದರು. ಎಲ್ಲರಿಗೂ ಪಾಠವಾಗಲೆಂದೇ ಗಟ್ಟಿಯಾಗಿ ಹೇಳಿದೆ: “ನೀರು ಕೊಡದೆ ಮಗಳ ರಕ್ತ ಹೆಪ್ಪುಗಟ್ಟಿಸಿದೀಯ. ಇದಕ್ಕೆ ನೀನೇ ಕಾರಣ.”

ಡ್ರಿಪ್ ಹಾಕಿ, ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಮೂರನೆಯ ದಿನ ಕರಿಯಮ್ಮ ತೀರಿಕೊಂಡಳು.

ಎಂಟು ತಿಂಗಳ ಮೇಲೆ ತಿಮ್ಮಕ್ಕ ಮತ್ತೆ ಬಂದಳು. ಜೊತೆಯಲ್ಲಿ ಕಿರಿಮಗಳು ಈರಮ್ಮ, ಹದಿನೇಳು ವರ್ಷ. ಸೋದರಮಾವನಿಗೆ ಕೊಟ್ಟು ಮದುವೆ ಮಾಡಲು ಮಾತಾಗಿತ್ತು. ಕಣ್ಣು ಮಂಜು, ಕುರಿ ಯಾವುದು ಕಲ್ಲು ಯಾವುದು ತಿಳಿಯುವುದಿಲ್ಲ ಎಂಬುದು ದೂರು. ನಾನು ಕೇಳದಿದ್ದರೂ ತಿಮ್ಮಕ್ಕ ಹೇಳಿದಳು: “ಈಕೆಗೆ ದಿನಾ ಕೊಡಗಟ್ಲೆ ನೀರು ಕುಡಿಸ್ತಿದೀನಿ ಸಾರ್. ಬ್ಯಾಡ ಅಂದ್ರೂ ಬಿಡಲ್ಲ.”

ಟಾರ್ಚ್ ಹಿಡಿದು ನೋಡಿದೆ. ಹುಡುಗಿಯ ಕಣ್ಣಿನ ಮಸೂರ ಜಾಗದಿಂದ ಜಾರಿತ್ತು. ಎತ್ತರದ ಸಣಕಲು ಮೈ, ನೀಳ ಬೆರಳು.

“ಅಕ್ಕನಿಗೂ ಕಣ್ಣು ಹೀಗೇ ಇತ್ತಾ?”

“ಇತ್ತು ಸಾರ್. ಸಣ್ಣಾಕಿ ಇದ್ದಾಗಿಂದ.”

ಕರಿಯಮ್ಮನ ಕಣ್ಣನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನೀರಿನ ಸುದ್ದಿ ಸಿಕ್ಕಿದ್ದೇ ತಡ, ಮುಂದೆ ಹುಡುಕುವುದನ್ನು ಬಿಟ್ಟಿದ್ದೆ.

ಜಾರಿದ ಮಸೂರ, ಅಕ್ಕನ ಹೆಪ್ಪುಗಟ್ಟಿದ ರಕ್ತ ಎರಡೂ ಒಂದೇ ಕಾಯಿಲೆಯ ಗುರುತಿರಬಹುದೆನಿಸಿ, ಈರಮ್ಮನ ಮೂತ್ರವನ್ನು ಪರೀಕ್ಷೆಗೆಂದು ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಕಳಿಸಿದೆ. ರಾಸಾಯನಿಕ ಬೆರೆಸಿದಾಗ ಅದು ಕೆಂಪಾಯಿತು. ಕಾಯಿಲೆಯ ಹೆಸರು ಹೋಮೋಸಿಸ್ಟಿನೂರಿಯ. ನಾವು ತಿನ್ನುವ ಪ್ರೋಟೀನಿನಿಂದ ಮೈಯಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಹುಟ್ಟುತ್ತದೆ. ಅದನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಸೋತಿರುತ್ತದೆ. ರಕ್ತದಲ್ಲಿ ಅದು ಏರಿದಂತೆ ನಾಳಗಳ ಒಳಪದರ ಕೆಡುತ್ತದೆ, ಕೆಟ್ಟಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೆದುಳಿನ ನಾಳದಲ್ಲಿ ಕಟ್ಟಿದರೆ ಎಳೆಯ ವಯಸ್ಸಿಗೇ ಪಾರ್ಶ್ವವಾಯು. ಬಸಿರು, ಬಾಣಂತನದಲ್ಲಿ ಅಪಾಯ ಇನ್ನೂ ಹೆಚ್ಚು. ತಿಮ್ಮಕ್ಕನೂ ಸೋದರಮಾವನನ್ನೇ ಮದುವೆಯಾಗಿದ್ದಳು. ಇಂಥ ಸಂಬಂಧಗಳಲ್ಲಿ ಈ ದೋಷ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಜಾಸ್ತಿ.

ಬಿ-೬ ವಿಟಮಿನ್ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದೆವು. ಎಲ್ಲರಿಗೂ ಅದು ಹಿಡಿಯುವುದಿಲ್ಲ. ಈರಮ್ಮನ ಅದೃಷ್ಟ, ಕೆಲವು ವಾರಗಳಲ್ಲಿ ಮರುಪರೀಕ್ಷೆ ಮಾಡಿದಾಗ ಮೂತ್ರದ ಕೆಂಪು ತೆಳುವಾಗಿತ್ತು. ಮದುವೆ ಮುಂದಕ್ಕೆ ಹೋಯಿತು.

ಇಷ್ಟಾದ ಮೇಲೆ ತಿಮ್ಮಕ್ಕನನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. “ನಿಮ್ಮದು ತಪ್ಪಲ್ಲಮ್ಮ. ಕಾಯಿಲೆ ಹುಟ್ಟಿನಿಂದ ಬಂದದ್ದು. ನಾನು ಅವತ್ತು ಹಾಗೆ ಅನ್ನಬಾರದಿತ್ತು.”

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು: “ನೀರು ಕೊಟ್ಟಿದ್ರೆ ಕರಿಯಮ್ಮ ಉಳೀತಿದ್ಲಾ ಸಾರ್? ಅದೊಂದು ಹೇಳ್ರಿ.”

ನೀರಿಗೂ ಸಾವಿಗೂ ಸಂಬಂಧವೇ ಇಲ್ಲ ಎಂದು ಸುಳ್ಳು ಹೇಳುವ ಆಸೆ ಬಲವಾಗಿತ್ತು. ಆದರೆ ಇಂಥ ರಕ್ತಕ್ಕೆ ನೀರಿನ ಕೊರತೆಯೂ ಕೂಡಿದರೆ ಅಪಾಯ ಹೆಚ್ಚುವುದು ನಿಜ.

“ಗೊತ್ತಿಲ್ಲಮ್ಮ,” ಎಂದೆ.

“ಅವತ್ತು ಗೊತ್ತಿದ್ದಂಗೆ ಹೇಳಿದ್ರಲ್ಲ ಸಾರ್.”

ಕೋಪವಿರಲಿಲ್ಲ ಆ ದನಿಯಲ್ಲಿ. ಈರಮ್ಮನ ಮಾತ್ರೆಯ ಪೊಟ್ಟಣ ತೆಗೆದುಕೊಂಡು ಬಸ್ಸಿಗೆ ಹೊರಟಳು.

ಮುಂದೆ ಇಪ್ಪತ್ತೆಂಟು ವರ್ಷ ಸರ್ವೀಸ್ ಮಾಡಿದೆ. ಯಾವ ರೋಗಿಯ ಮನೆಯವರಿಗೂ “ನಿನ್ನಿಂದಲೇ ಆಯಿತು” ಎಂದು ನಾನು ಹೇಳಲಿಲ್ಲ. ತಿಮ್ಮಕ್ಕನಿಗೆ ಅದರಿಂದ ಏನೂ ಸಿಗಲಿಲ್ಲ.