ಗಿಡದಲ್ಲಿ ಆದ ಪಾಯಸ

ಬೆಟ್ಟಂಪಾಡಿಯ ನಮ್ಮ ನೆರೆಮನೆ ಮಾವನಿಗೆ ಶುಗರ್ ಇತ್ತು, ಆದರೆ ಅವರು ಅದನ್ನು ಒಪ್ಪಿಕೊಂಡಿರಲಿಲ್ಲ. ಸೊಪ್ಪು, ತರಕಾರಿ, ಕಾಳು ತಿನ್ನಿ, ಗಿಡದಿಂದ ಬಂದದ್ದು ಒಳ್ಳೆಯದು ಎಂದು ಪುತ್ತೂರಿನ ಡಾಕ್ಟರು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಯಾರ ಮನೆ ಊಟದಲ್ಲೂ ಪಾಯಸ ಬರುವ ಮೊದಲೇ ಮಾವ ತೋಡಿನ ನೀರಿಗೆ ಕಟ್ಟ ಹಾಕಿದ ಹಾಗೆ, ಅದು ಹರಿದುಹೋಗದಂತೆ ಅಂಗೈಯನ್ನು ಎಲೆಗೆ ಅಡ್ಡ ಇಟ್ಟು ಕಾಯುತ್ತಿದ್ದರು.

"ಮಾವ, ಶುಗರ್ ಉಂಟಲ್ಲ?" ಎಂದು ಕೇಳಿದರೆ ಬೆರಳು ನೆಕ್ಕುತ್ತಲೇ ಉತ್ತರ ಬರುತ್ತಿತ್ತು.

"ಬೆಲ್ಲ ಕಬ್ಬಿಂದು, ಹಾಲು ತೆಂಗಿಂದು, ಕಡಲೆಬೇಳೆಯೂ ಗಿಡದಲ್ಲೇ ಆಗುದು. ಎಲ್ಲ ಗಿಡದ್ದೇ ಮಾರಾಯ! ನಾನೆಂತ ಕೋಳಿ ತಿಂದದ್ದಾ?"

ಕಳೆದ ವರ್ಷ ಕಾಲ್ಬೆರಳಿಗೆ ಆದ ಸಣ್ಣ ಗಾಯ ತಿಂಗಳಾದರೂ ಒಣಗಲಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾದೀತು ಎಂದರು ಡಾಕ್ಟರು. ಮರುದಿನ ನಾನು ನೋಡಲು ಹೋದಾಗ ಊಟದ ಹೊತ್ತು. ಅವರ ಹೆಂಡತಿ, ನಮ್ಮ ಅತ್ತೆ, ಎಲೆ ತುಂಬ ಬಸಳೆ, ಬಾಳೆದಿಂಡು, ಹೆಸರುಕಾಳು, ಹಾಗಲಕಾಯಿ ಬಡಿಸಿ ಮೂಲೆಯಲ್ಲಿ ಒಂದು ಹಿಡಿ ಅನ್ನ ಇಟ್ಟಿದ್ದರು. ಉಂಡು ಮುಗಿಸಿದ ಮಾವ ಅಭ್ಯಾಸಬಲದಿಂದ ಅಂಗೈ ಅಡ್ಡ ಇಟ್ಟು ಅಡುಗೆಕೋಣೆಯ ಕಡೆ ನೋಡಿದರು.

ಆ ಕಟ್ಟದೊಳಗೆ ಅತ್ತೆ ಇನ್ನೊಂದು ಸೌಟು ಹಾಗಲಕಾಯಿ ಸುರಿದರು.

"ತಿನ್ನಿ. ಎಲ್ಲ ಗಿಡದ್ದೇ."